ಸರೋವರದ ನೀರು, ಹೋಳಿಗೆಯ ಬೇಳೆ

ಹೊರದೇಶದ ಮಿಲ್ಟನ್ ಎಂಬ ಊರಿನ ಹಳೆಯ ಭಾಗದಲ್ಲಿ ನಾವು ಮನೆ ಕೊಂಡಾಗ ನಲ್ಲಿಯಲ್ಲಿ ಬರುತ್ತಿದ್ದುದು ಬಾವಿಗಳಿಂದ ಎತ್ತಿದ ಗಡಸು ನೀರು. ಕುಡಿಯಲು ತೊಂದರೆಯಿರಲಿಲ್ಲ, ಬೇಳೆ ಮಾತ್ರ ಬೇಯುತ್ತಿರಲಿಲ್ಲ. ಸೋಡಾ ಹಾಕಿದರೆ ರುಚಿ ಕೆಡುತ್ತದೆಂದು ಧಾರವಾಡದ ನನ್ನ ಹೆಂಡತಿ ಹಟ ಹಿಡಿದಿದ್ದಳು. ಅಂಗಡಿಯಲ್ಲಿ ನೀರು ಕೊಳ್ಳುವುದು ಅಪಮಾನವೆಂದು ನಾನು. ಹೀಗಾಗಿ ಪ್ರತಿ ಭಾನುವಾರ ಸ್ನಾನವಾದ ಮೇಲೆ, ತಿಂಡಿಗೆ ಮೊದಲು, ಎರಡು ಸ್ಟೀಲ್ ಕೊಡಗಳನ್ನು ಕಾರಿನ ಹಿಂದಿನ ಸೀಟಿಗೆ ಬೆಲ್ಟಿನಿಂದ ಬಿಗಿದು, ಸರೋವರದಂಚಿನ ಪಕ್ಕದೂರು ಓಕ್‌ವಿಲ್ಲಿನ ಗೆಳೆಯನ ಮನೆಗೆ ಹೋಗುತ್ತಿದ್ದೆ. ಅವನ ನಲ್ಲಿಯಲ್ಲಿ ಸರೋವರದ ನೀರು ಬರುತ್ತಿತ್ತು. ಅದರಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು.

ಕೆಲವು ವರ್ಷಗಳಲ್ಲಿ ನಮ್ಮ ಬೀದಿಯ ಎದುರಿನ ಹೊಲಗಳೆಲ್ಲ ಹೊಸ ಮನೆಗಳಾದವು. ಅಷ್ಟು ಜನಕ್ಕೆ ಬಾವಿ ಸಾಲದೆಂದು ಸರೋವರದಿಂದ ದೊಡ್ಡ ಪೈಪು ತರತೊಡಗಿದರು. ನನ್ನ ಬೆಳಗಿನ ನಡಿಗೆಗೆ ಒಂದು ಉದ್ದೇಶ ಸಿಕ್ಕಿತು. ಕೈ ಹಿಂದೆ ಕಟ್ಟಿಕೊಂಡು, ತೋಡಿದ ಕಾಲುವೆಯ ಅಂಚಿನಲ್ಲಿ ದಿನವೂ ನಿಲ್ಲುತ್ತಿದ್ದೆ. “ಎಲ್ಲಾ ಸರಿಯಾಗಿದೆಯಾ ಬಾಸ್?” ಎಂದು ಕೆಲಸಗಾರನೊಬ್ಬ ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ನಾನು ಗಂಭೀರವಾಗಿ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ.

ಆ ವರ್ಷ ಇಲ್ಲಿನ ಕನ್ನಡದವರೆಲ್ಲ ಸೇರುವ ಯುಗಾದಿ ಊಟಕ್ಕೆ ಹೋಳಿಗೆ ಮಾಡುವ ಕೆಲಸ ಮೊದಲ ಸಲ ನನ್ನವಳ ಪಾಲಿಗೆ ಬಂದಿತ್ತು. ಅಲ್ಲಿಯವರೆಗೆ ಬೆಂಗಳೂರಿನವರ ಕಾಯಿ ಒಬ್ಬಟ್ಟಿನದೇ ದರ್ಬಾರು. ಹಬ್ಬದ ಹಿಂದಿನ ದಿನ ಅವಳು, “ಏನ್ರೀ, ನೀರು ತರ್ಲಿಕ್ಕೆ ಯಾವಾಗ ಹೋಗ್ತೀರಿ?” ಎಂದಳು.

“ಇನ್ನು ಓಕ್‌ವಿಲ್ಲಿಗೆ ಹೋಗೋದು ಬ್ಯಾಡ. ಪೈಪು ಮುಗದದ, ನೀರು ಬಿಟ್ಟಾರ. ನಾನೇ ನಿಂತು ನೋಡೀನಿ.”

“ಖರೇ?”

“ನನ್ನ ಮ್ಯಾಲೆ ನಂಬಿಕಿ ಇಲ್ಲೇನು?”

ಮರುದಿನ ಬೆಳಿಗ್ಗೆ ಕುಕ್ಕರು ಕೂಗಿ ಕೂಗಿ ಸುಸ್ತಾಯಿತು. ಅವಳು ಮುಚ್ಚಳ ತೆಗೆದು ಕಡಲೆಬೇಳೆಯೊಂದನ್ನು ನನ್ನ ಅಂಗೈಗೆ ಹಾಕಿದಳು. “ಒತ್ತಿ ನೋಡ್ರಿ. ನಿಮ್ಮ ತಲಿಗಿಂತ ಗಟ್ಟಿ ಅದ.”

ಗೆಳೆಯನಿಗೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ, ಊಟದ ಸಭಾಂಗಣ ಸಿಂಗರಿಸಲು ಆಗಲೇ ಹೊರಟುಹೋಗಿದ್ದರು. ಪಕ್ಕದ ಮನೆಯ ಮುದುಕನನ್ನು ಕೇಳಿದಾಗ ಅವನು ನಿಧಾನವಾಗಿ ತಿಳಿಸಿದ: ಹೊಸ ಪೈಪು ಎದುರಿನ ಹೊಸ ಮನೆಗಳಿಗೆ ಮಾತ್ರ, ನಮ್ಮ ಕಡೆಗೆ ಹಳೆಯ ಬಾವಿಗಳೇ. ತಿಂಗಳುಗಟ್ಟಲೆ ಆ ಪೈಪಿನ ಮೇಲ್ವಿಚಾರಣೆ ಮಾಡಿದ್ದೆ. ಅದು ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

ಹಬ್ಬದ ರೇಷ್ಮೆ ಪಂಚೆಯ ಮೇಲೆ ಚಳಿಗಾಲದ ಜಾಕೆಟ್ಟು, ಕಾಲಿಗೆ ಬೂಟು, ಎರಡೂ ಕೈಯಲ್ಲಿ ಕೊಡ. ಕರಗಿದ ಹಿಮದ ಕೆಸರು ದಾಟಿ, ಎದುರಿನ ಅಪರಿಚಿತರ ಮನೆಯ ಬೆಲ್ಲು ಒತ್ತಿದೆ. ಬಾಗಿಲು ತೆರೆದ ಪಂಜಾಬಿ ಹೆಣ್ಣುಮಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಪಾನೀ ಚಾಹಿಯೇ,” ಎಂದೆ.

“ನಿಮ್ಮ ಮನೆಯಲ್ಲಿ ನಲ್ಲಿ ಇಲ್ಲವೇ ಅಂಕಲ್‌ಜೀ?” ಎಂದು ಹಿಂದಿಯಲ್ಲಿ ಕೇಳಿದಳು.

ಬೇಳೆ ಬೇಯುವುದಿಲ್ಲ ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು. ಹಳೆಯ ಮನೆಯಲ್ಲಿ ಅವಳ ರಾಜ್ಮಾ ಕೂಡ ಹೀಗೇ ಕೈಕೊಡುತ್ತಿತ್ತಂತೆ. ಕೊಡಗಳನ್ನು ಕಿತ್ತುಕೊಂಡು ತಾನೇ ತುಂಬಿಸಿ ಕೊಟ್ಟಳು.

ಹೊಸ ಬೇಳೆ ಬೆಂದಿತು. ನಾವು ಸಭಾಂಗಣ ತಲುಪಿದಾಗ ಎಲೆಗಳಲ್ಲಿ ಪಲ್ಯ ಬಡಿಸಿಯಾಗಿತ್ತು. ಬೆಂಗಳೂರಿನ ಹಿರಿಯರೊಬ್ಬರು ಎರಡನೇ ಸಲ ಕೈ ಚಾಚಿ, “ಒಬ್ಬಟ್ಟು ತುಂಬಾ ಮೆತ್ತಗಿದೆ ಕಣಮ್ಮ,” ಎಂದರು.

“ಹೋಳಿಗಿ ಅನ್ರಿ, ಇನ್ನೊಂದು ಹಾಕ್ತೀನಿ,” ಎಂದಳು ಅವಳು.

ಅವರು ಅಂದರು, ಅವಳು ಹಾಕಿದಳು. ನನ್ನ ಸರದಿ ಬರುವಷ್ಟರಲ್ಲಿ ಡಬ್ಬಿಯ ತಳದಲ್ಲಿ ಹರಿದದ್ದೊಂದೇ ಉಳಿದಿತ್ತು. ಅದನ್ನೇ ತಿಂದೆ. ಚೆನ್ನಾಗಿದೆ ಎನ್ನುವ ಧೈರ್ಯ ಆ ದಿನ ನನಗಿರಲಿಲ್ಲ.