ನಾವು ಲಿಫ್ಟ್ ಕೊಡಿಸಿದ ವರ್ಷ

ನಮ್ಮ ಕಾಲೇಜಿನಲ್ಲಿ ಚುನಾವಣೆ ಇರಲಿಲ್ಲ. ಪ್ರತಿ ಕ್ಲಾಸಿನಿಂದ ಒಬ್ಬರನ್ನು ಕೈ ಎತ್ತಿಸಿ ಆರಿಸುತ್ತಿದ್ದರು. ಅವರಲ್ಲಿ ಮಾರ್ಕ್ಸು, ಹಾಜರಿ, ನಡತೆ ನೋಡಿ ವಿದ್ಯಾರ್ಥಿ ಸಂಘದ ಅಧ್ಯಕ್ಷ, ಕಾರ್ಯದರ್ಶಿ ಯಾರಾಗಬೇಕೆಂದು ಮೇಷ್ಟ್ರುಗಳೇ ಗೊತ್ತುಮಾಡುತ್ತಿದ್ದರು. ಬಿ.ಕಾಂ. ಕೊನೆಯ ವರ್ಷದಲ್ಲಿ ನಾನು ಕಾರ್ಯದರ್ಶಿಯಾದದ್ದು ಹೀಗೆ. ಸಭಾಂಗಣದಲ್ಲಿ ಹೆಸರು ಕೂಗಿದರು, ಹೆಗಲಿಗೆ ನೀಲಿ ಪಟ್ಟಿ ಹಾಕಿದರು, ಪ್ರಮಾಣವಚನ ಓದಿಸಿದರು. ಕಾರ್ಯದರ್ಶಿಯಾಗಲು ಯಾರೂ ನನಗೆ ಓಟು ಹಾಕಿರಲಿಲ್ಲ ಎನ್ನುವುದು ಆಗ ಕೊರತೆ ಅನ್ನಿಸಲಿಲ್ಲ. ಅಮ್ಮ ಆ ಪಟ್ಟಿಯನ್ನು ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟಳು.

ನಾವಿದ್ದದ್ದು ಕೋಣನಕುಂಟೆಯಲ್ಲಿ, ಬಾಡಿಗೆ ಮನೆಯಲ್ಲಿ. ಅಪ್ಪನಿಗೆ ಬನಶಂಕರಿಯಲ್ಲಿ ಒಂದು ಸಣ್ಣ ಬಟ್ಟೆ ಅಂಗಡಿ. ಕಾಲೇಜು ಕನಕಪುರ ರಸ್ತೆಯಿಂದ ಒಳಗೆ, ನಡೆದರೆ ಇಪ್ಪತ್ತು ನಿಮಿಷ. ಕಟ್ಟಡಕ್ಕೆ ನಾಲ್ಕು ಮಹಡಿ, ಒಂದು ಲಿಫ್ಟು. ಲಿಫ್ಟಿನ ಬಾಗಿಲಿನ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂದು ಬೋರ್ಡಿತ್ತು.

ಹಿಂದಿನ ವರ್ಷಗಳ ಸಂಘಗಳು ಮಾಡಿದ್ದೆಲ್ಲ ಎಥ್ನಿಕ್ ಡೇ, ಹೊಸಬರ ಸ್ವಾಗತ, ಹಳಬರ ಬೀಳ್ಕೊಡುಗೆ. ನಮ್ಮ ಅಧ್ಯಕ್ಷ ಬಿ.ಬಿ.ಎ. ಕೊನೆಯ ವರ್ಷದ ಹುಡುಗ. ಒಳ್ಳೆಯ ಮಾತುಗಾರ, ಕೆಲಸಕ್ಕೂ ಹಿಂಜರಿಯುವವನಲ್ಲ. ನಾವು ಹೋದಮೇಲೂ ಉಳಿಯುವಂಥದ್ದು ಏನಾದರೂ ಮಾಡಬೇಕು ಎಂದು ಮೊದಲ ಸಭೆಯಲ್ಲೇ ಹೇಳಿದ. ಹೆಣ್ಣುಮಕ್ಕಳ ಶೌಚಾಲಯದ ಚಿಲಕ, ಕ್ಯಾಂಟೀನಿನ ಹಳಸಿದ ಚಟ್ನಿ, ಲೈಬ್ರರಿ ಬೇಗ ಮುಚ್ಚುವುದು, ಹೀಗೆ ಒಂದಷ್ಟು ಪಟ್ಟಿಮಾಡಿದೆವು. ಲಿಫ್ಟಿನ ವಿಷಯ ಎತ್ತಿದವಳು ನಾನು.

ನನ್ನ ತಲೆಯಲ್ಲಿದ್ದದ್ದು ಎರಡನೇ ವರ್ಷದ ಬಿ.ಕಾಂ. ಹುಡುಗಿಯೊಬ್ಬಳು. ಚಿಕ್ಕವಳಿದ್ದಾಗ ಅಪಘಾತವಾಗಿ ಅವಳ ಎಡಗಾಲು ಸ್ವಲ್ಪ ಗಿಡ್ಡವಾಗಿತ್ತು. ಕೋಲು ಹಿಡಿಯುತ್ತಿರಲಿಲ್ಲ, ಆದರೆ ನಡೆಯುವಾಗ ಒಂದು ಬದಿಗೆ ವಾಲುತ್ತಿದ್ದಳು. ಅವಳ ಕ್ಲಾಸು ನಾಲ್ಕನೇ ಮಹಡಿಯಲ್ಲಿ. ಮೂರನೇ ಮಹಡಿಯ ತಿರುವಿನಲ್ಲಿ ಅವಳು ದಿನವೂ ಕಂಬಿ ಹಿಡಿದು ನಿಲ್ಲುವುದನ್ನು ನಾನು ನೋಡಿದ್ದೆ. ಒಂದು ದಿನ ಕೆಳಗಿನ ಮೆಟ್ಟಿಲಿನಿಂದ ಅವಳ ಫೋಟೋ ತೆಗೆದೆ. ಮುಖ ಕಾಣುತ್ತಿರಲಿಲ್ಲ. ಬೆನ್ನು, ಭಾರದ ಬ್ಯಾಗು, ಕಂಬಿಯ ಮೇಲಿನ ಕೈ, ವಾಲಿದ ಕಾಲು ಇಷ್ಟೇ. ‘ಲಿಫ್ಟು ಖಾಲಿ ನಿಂತಿದೆ, ಇವಳು ಹತ್ತುತ್ತಿದ್ದಾಳೆ’ ಎಂದು ಬರೆದು ಸಂಘದ ಇನ್‌ಸ್ಟಾಗ್ರಾಂ ಪೇಜಿಗೆ ಹಾಕಿದೆ. ಅವಳನ್ನು ಕೇಳಲಿಲ್ಲ. ಮುಖ ಕಾಣದಿದ್ದರೆ ಕೇಳಬೇಕಾಗಿಲ್ಲ ಎಂದುಕೊಂಡಿದ್ದೆ.

ಸಂಜೆಯ ಹೊತ್ತಿಗೆ ಅದು ಎಲ್ಲ ಕ್ಲಾಸುಗಳ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಮಾರನೇ ದಿನ ಆಡಳಿತ ಮಂಡಳಿಯವರು ಯಾರೋ ನೋಡಿ ಪ್ರಿನ್ಸಿಪಾಲರಿಗೆ ಫೋನ್ ಮಾಡಿದರು. ವಾರ ತುಂಬುವುದರೊಳಗೆ ಆದೇಶವಾಯಿತು. ನಡೆಯಲು ಕಷ್ಟವಿರುವ ವಿದ್ಯಾರ್ಥಿಗಳು ಪಾಸು ಪಡೆದು ಲಿಫ್ಟು ಬಳಸಬಹುದು. ಕಾಲೇಜು ತನ್ನ ಪೇಜಿನಲ್ಲಿ ಅದೇ ಫೋಟೋ ಹಾಕಿ ಇದನ್ನು ಮಾನವೀಯ ಹೆಜ್ಜೆ ಎಂದು ಬರೆಯಿತು. ಅಧ್ಯಕ್ಷನಿಗೂ ನನಗೂ ಅಭಿನಂದನೆಗಳು ಬಂದವು. ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮೊದಲ ಪಾಸು ಅವಳಿಗೆ ಕೊಡುವುದೆಂದು, ಲಿಫ್ಟಿನ ಮುಂದೆ ಪ್ರಿನ್ಸಿಪಾಲರ ಜೊತೆ ಫೋಟೋ ತೆಗೆಯುವುದೆಂದು ಮಾತಾಗಿತ್ತು. ಆ ದಿನ ಅವಳು ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಮೂರನೇ ದಿನ ಬೆಳಗ್ಗೆ ನಾನು ಪಾಸು ಹಿಡಿದು ಲಿಫ್ಟಿನ ಹತ್ತಿರ ಕಾದಿದ್ದೆ. ಲ್ಯಾಮಿನೇಟ್ ಮಾಡಿದ ಕಾರ್ಡು, ಅದರ ಮೇಲೆ ದಪ್ಪಕ್ಷರದಲ್ಲಿ ‘ವಿಶೇಷ ಚೇತನ’ ಎಂದಿತ್ತು. ಅವಳು ಕಾರ್ಡನ್ನು ಓದಿದಳು. ಬೇಡ ಎಂದಳು. ಮೆಟ್ಟಿಲು ಹತ್ತಿ ಹೋದಳು.

ಅಧ್ಯಕ್ಷನಿಗೆ ಇದು ಮುಜುಗರವಾಯಿತು. ಯಾರಿಗಾಗಿ ಕೊಡಿಸಿದೆವೋ ಅವಳೇ ಬಳಸದಿದ್ದರೆ ಆಫೀಸಿನವರು ಏನೆಂದುಕೊಳ್ಳುತ್ತಾರೆ, ನೀನು ಹೋಗಿ ಮಾತಾಡು ಎಂದ. ಆ ಭಾನುವಾರ ವಿಳಾಸ ಕೇಳಿಕೊಂಡು ಜರಗನಹಳ್ಳಿಗೆ ಹೋದೆ.

ಬಡವರ ಮನೆ ಎಂದು ಯಾಕೆ ಅಂದುಕೊಂಡಿದ್ದೆನೋ ಗೊತ್ತಿಲ್ಲ. ಅದು ಮೂರಂತಸ್ತಿನ ಕಟ್ಟಡ. ಮೇಲಿನ ಮನೆಗಳಲ್ಲೆಲ್ಲ ಬಾಡಿಗೆಯವರು, ನೆಲಮಹಡಿಯಲ್ಲಿ ಇವರು. ಪಕ್ಕದ ಖಾಲಿ ಸೈಟಿನಲ್ಲಿ ಎರಡು ಹಸು ಕಟ್ಟಿದ್ದರು. ಆ ಬೀದಿಯೆಲ್ಲ ಒಂದು ಕಾಲಕ್ಕೆ ತಮ್ಮ ಮಾವನ ರಾಗಿ ಹೊಲವಾಗಿತ್ತು ಎಂದು ಅವಳ ತಾಯಿಯೇ ಹೇಳಿದರು. ಕಾಫಿ, ಕೋಡುಬಳೆ ತಂದಿಟ್ಟರು. ನನ್ನ ಕೈ ಹಿಡಿದು, “ಒಳ್ಳೇ ಕೆಲ್ಸ ಮಾಡಿದ್ರಿ ಕಣಮ್ಮ, ಇವಳು ಬಾಯಿ ಬಿಟ್ಟು ಏನೂ ಕೇಳಲ್ಲ” ಎಂದರು. ತಾಯಿ ಹಾಲು ಹಾಕಿಸಿಕೊಳ್ಳಲು ಬಂದವರನ್ನು ನೋಡಲು ಆಚೆ ಹೋದಮೇಲೆ ಮಗಳು ಕೇಳಿದಳು.

“ಫೋಟೋ ತೆಗ್ದಿದ್ದು ನೀವಾ?”

ಹೌದು ಎಂದೆ.

“ನಾನು ಅಲ್ಲಿ ನಿಂತ್ಕೊಳ್ಳೋದು ಸುಸ್ತಿಗಲ್ಲ ಅಕ್ಕ. ಆ ಕಟ್ಟಡದಲ್ಲಿ ನೆಟ್‌ವರ್ಕ್ ಸಿಗೋದು ಅದೊಂದೇ ಜಾಗದಲ್ಲಿ.”

ಅದು ನಿಜವೋ, ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ಅವಳು ಏರುದನಿಯಿಲ್ಲದೆ, ಒಂದೊಂದಾಗಿ ಹೇಳಿದಳು. ಮೇಲಿನ ಮನೆಯ ಬಾಡಿಗೆಯ ಆಂಟಿ ಫೋಟೋದಲ್ಲಿ ವಾಲಿದ ಕಾಲು ನೋಡಿಯೇ ಗುರುತು ಹಿಡಿದು, ಕಣ್ಣೀರು ಹಾಕಿಕೊಂಡು ಬಂದು ದೇವಸ್ಥಾನದ ಪ್ರಸಾದ ಕೊಟ್ಟುಹೋಗಿದ್ದರು. ಅಂಗಡಿಯ ಹತ್ತಿರ ಯಾರೋ ಅವಳ ಅಪ್ಪನನ್ನು ತಡೆದು, ಮಗಳನ್ನು ಹತ್ತಿರದ ಒಳ್ಳೇ ಕಡೆ ಸೇರಿಸಬಾರದಿತ್ತಾ ಎಂದು ಕೇಳಿದ್ದರು. ಅಪ್ಪ ಮನೆಗೆ ಬಂದು ಊಟ ಮಾಡಿರಲಿಲ್ಲ. ಇಷ್ಟು ದಿನ ಅವಳು ಆ ಬೀದಿಯಲ್ಲಿ ಓನರ್ ಮಗಳಾಗಿದ್ದಳು. ಈಗ ಪಾಪದ ಹುಡುಗಿಯಾಗಿದ್ದಳು.

ಲಿಫ್ಟು ಯಾಕೆ ಬೇಡ ಎಂದು ಕೇಳಿದೆ. ಅವಳ ಉತ್ತರದಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು. ಲಿಫ್ಟಿನ ಕೀಲಿ ಇರುವುದು ಅಟೆಂಡರ್ ಹತ್ತಿರ. ಅವರನ್ನು ಜೆರಾಕ್ಸಿಗೆ, ಬ್ಯಾಂಕಿಗೆ ಕಳಿಸುತ್ತಲೇ ಇರುತ್ತಾರೆ. ಅವರನ್ನು ಹುಡುಕಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಮೇಲೆ ಹೋಗುವಷ್ಟರಲ್ಲಿ ಕ್ಲಾಸು ಶುರುವಾಗಿರುತ್ತದೆ.

“ಬೆಳಗ್ಗೆ ಒಂದ್ಸಲ ಹತ್ತೋದು ನಂಗೆ ಕಷ್ಟ ಅಲ್ಲ. ಕನ್ನಡ ಕ್ಲಾಸಿಗೆ ಕೆಳಗೆ, ಆಮೇಲೆ ಮೇಲೆ, ಲ್ಯಾಬಿಗೆ ಕೆಳಗೆ, ಮತ್ತೆ ಮೇಲೆ. ಇದು ಟೈಮ್‌ಟೇಬಲ್ ತೊಂದ್ರೆ. ನಮ್ಮ ಕ್ಲಾಸ್ ಕೆಳಗಿದ್ರೆ ಲಿಫ್ಟೇ ಬೇಕಾಗಿಲ್ಲ.”

ಮೊದಲ ವರ್ಷದಲ್ಲೇ ಇದನ್ನು ಪತ್ರ ಬರೆದು ಟೈಮ್‌ಟೇಬಲ್ ಮಾಡುವ ಮೇಷ್ಟ್ರಿಗೆ ಕೊಟ್ಟಿದ್ದಳು. ಉತ್ತರ ಬಂದಿರಲಿಲ್ಲ. ಸಂಘಕ್ಕೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಸಂಘ ಎಂದರೆ ಎಥ್ನಿಕ್ ಡೇ ಮಾಡುವವರು ಅಂದುಕೊಂಡಿದ್ದೆ ಎಂದಳು.

ನಾನು ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ತಲೆಯಾಡಿಸಿದಳು, ಕೋಡುಬಳೆಯ ತಟ್ಟೆ ನನ್ನ ಕಡೆ ಸರಿಸಿದಳು.

ಮನೆಗೆ ಬಂದು ಸಂಘದ ಪೇಜಿನಿಂದ ಫೋಟೋ ತೆಗೆದೆ. ಕಾಲೇಜಿನ ಪೇಜಿನಿಂದಲೂ ತೆಗೆಸಬೇಕೆಂದು ಸೋಮವಾರ ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಕಾಲೇಜಿಗೆ ಒಳ್ಳೆಯ ಹೆಸರು ಬಂದಿದೆ, ಮುಖವೂ ಕಾಣುವುದಿಲ್ಲ, ಯಾಕೆ ತೆಗೆಯಬೇಕು ಎಂದರು. ಅದು ನನ್ನದೇ ವಾದವಾದ್ದರಿಂದ ಎದುರು ಮಾತಾಡುವುದು ಕಷ್ಟವಾಯಿತು. ಫೋಟೋ ಅಲ್ಲೇ ಉಳಿಯಿತು. ಅದರ ಮೇಲೆ ಸ್ವಾತಂತ್ರ್ಯ ದಿನ, ರಕ್ತದಾನ, ರ‍್ಯಾಂಕು ಬಂದವರು, ಹೀಗೆ ಬೇರೆ ಫೋಟೋಗಳು ಬಂದು ಅದು ಕೆಳಗೆ ಹೋಯಿತು.

ಟೈಮ್‌ಟೇಬಲ್ ಮೇಷ್ಟ್ರು ಕೆಟ್ಟವರಲ್ಲ. ಅವರ ಮೇಜಿನ ಗಾಜಿನ ಕೆಳಗೆ ದೊಡ್ಡ ಹಾಳೆಯೊಂದಿತ್ತು, ಅದರ ತುಂಬ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತು. ಹಳೆಯ ಪತ್ರ ನೆನಪಿದೆ ಎಂದರು. ನೆಲಮಹಡಿಯಲ್ಲಿ ಅಷ್ಟು ದೊಡ್ಡ ರೂಮು ಒಂದೇ ಇರುವುದು, ಅದರಲ್ಲಿ ಬಿ.ಬಿ.ಎ. ಕೊನೆಯ ವರ್ಷದವರಿದ್ದಾರೆ, ಅವರು ಒಪ್ಪಿ ಬರೆದುಕೊಟ್ಟರೆ ಅದಲುಬದಲು ಮಾಡಲು ನನ್ನದೇನೂ ತಕರಾರಿಲ್ಲ ಎಂದರು.

ಅದು ನಮ್ಮ ಅಧ್ಯಕ್ಷನ ಕ್ಲಾಸು.

ಅವನಿಗೆ ಹೇಳಿದಾಗ ಮೊದಲು ನಕ್ಕ. “ಲಿಫ್ಟ್ ಕೊಡಿಸಿದೀವಲ್ಲ ಗುರು, ಇನ್ನೇನು ಮಾಡೋದು?” ಎಂದ. ಆ ರೂಮು ಕ್ಯಾಂಟೀನಿನ ಪಕ್ಕ. ಬೆಲ್ ಹೊಡೆದ ಮೇಲೂ ಟೀ ಮುಗಿಸಿ ಹೋಗಿ ಕೂರಬಹುದಾಗಿತ್ತು. ಕೊನೆಯ ವರ್ಷದವರ ಹಕ್ಕು ಎನ್ನುವಂತೆ ಅದು ಅವರಿಗೆ ಬಂದಿತ್ತು. ಇಬ್ಬರಿಗೂ ಸ್ವಲ್ಪ ಜಗಳವಾಯಿತು. ಕೊನೆಗೆ, ನಾನೊಬ್ಬನೇ ಹೇಳಿದರೆ ನಡೆಯುವುದಿಲ್ಲ, ಕ್ಲಾಸಿನಲ್ಲಿ ಚೀಟಿ ಹಾಕಿಸುತ್ತೇನೆ ಎಂದ. ಹಾಕಿಸಿದ. ನನಗೆ ತಿಳಿದ ಮಟ್ಟಿಗೆ ಆ ಕಟ್ಟಡದಲ್ಲಿ ನಡೆದ ಮೊದಲ ಗುಪ್ತ ಮತದಾನ ಅದು. ಬೇಡ ಎನ್ನುವ ಚೀಟಿಗಳೇ ಹೆಚ್ಚು ಬಂದವು.

ಫಲಿತಾಂಶವನ್ನು ಅವಳಿಗೆ ತಿಳಿಸಲು ನನಗೆ ನಾಚಿಕೆಯಾಗಿತ್ತು. ಅವಳು ಕೇಳಿ, ಅವರ ಕ್ಲಾಸಿಗೆ ಯಾವಾಗ ಬಿಡುವಿರುತ್ತದೆ ಎಂದಳು.

ಎರಡು ದಿನದ ಮೇಲೆ ಮಧ್ಯಾಹ್ನ ಅವಳು ಆ ರೂಮಿಗೆ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಬೋರ್ಡಿನ ಮುಂದೆ ನಿಂತು, ಕೈಯಲ್ಲಿ ಒಂದು ನೋಟ್‌ಬುಕ್ಕು ಹಿಡಿದು, ತನ್ನ ಕ್ಲಾಸಿಗೆ ಈ ರೂಮು ಬೇಕು ಎಂದಳು. ದಿನಕ್ಕೆ ಮೂರು ಸಲ ಹತ್ತಿ ಇಳಿಯುತ್ತೇನೆ, ಅದು ತಪ್ಪುತ್ತದೆ ಎಂದಳು. ಅಷ್ಟೇ. ಅವರಲ್ಲಿ ಕೆಲವರ ಮುಖದ ಮೇಲೆ ಕನಿಕರ ಬಂತು. ಅದನ್ನು ಅವಳು ನೋಡಿರಬೇಕು.

“ಸುಮ್ಮನೆ ಕೊಡಿ ಅಂತ ಕೇಳ್ತಿಲ್ಲ. ನೀವು ಮೇಲೆ ಹೋಗ್ಬೇಕಾದ್ರೆ ನಿಮಗೇನು ಬೇಕು ಹೇಳಿ, ಬರ್ಕೋತೀನಿ.”

ಹಿಂದಿನ ಬೆಂಚಿನ ಒಬ್ಬ ಮೇಲೆ ಕುಡಿಯೋಕೆ ನೀರಿಲ್ಲ ಎಂದ. ಇನ್ನೊಬ್ಬಳು, ಅಲ್ಲಿನ ಫ್ಯಾನು ಒಂದು ತಿರುಗುವುದೇ ಇಲ್ಲ, ಮಧ್ಯಾಹ್ನ ಬೇಯುತ್ತದೆ ಎಂದಳು. ಪ್ರೊಜೆಕ್ಟರ್ ವೈರಿನ ಮಾತು ಬಂತು. ಅವಳು ಬರೆದುಕೊಂಡಳು. ನೀರು, ಫ್ಯಾನು ಆಗುತ್ತದೆ, ಪ್ರೊಜೆಕ್ಟರ್ ಈ ವರ್ಷ ಆಗುವುದು ಅನುಮಾನ ಎಂದು ಅಲ್ಲೇ ಹೇಳಿದಳು. ಆಗುತ್ತದೆ ಎಂದು ಅವಳು ಮಾತು ಕೊಟ್ಟದ್ದು ನಮ್ಮ ಸಂಘದ ಪರವಾಗಿ. ನಮ್ಮನ್ನು ಕೇಳಿರಲಿಲ್ಲ. ಅಧ್ಯಕ್ಷ ನನ್ನ ಮುಖ ನೋಡಿದ. ಅವಳನ್ನು ತಡೆಯುವ ಹಕ್ಕು ನನಗಿತ್ತೆಂದು ಅನ್ನಿಸಲಿಲ್ಲ.

ಫ್ಯಾನು ಒಂದೇ ವಾರದಲ್ಲಿ ರಿಪೇರಿಯಾಯಿತು. ನೀರಿನ ಫಿಲ್ಟರಿಗೆ ಬಹಳ ಓಡಾಡಿದೆವು. ಮೇಲಿನ ಮಹಡಿಗೆ ಪೈಪು ಎಳೆಯಬೇಕು, ಅದಕ್ಕೆ ಆಡಳಿತ ಮಂಡಳಿ ಒಪ್ಪಬೇಕು ಎಂದು ಆಫೀಸಿನಲ್ಲಿ ಹೇಳಿದರು. ಅರ್ಜಿ ಕೊಟ್ಟೆವು. ಅರ್ಜಿ ಕಳೆಯಿತು. ಮತ್ತೆ ಕೊಟ್ಟೆವು. ಈ ಸಲ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ ಎಂದು ಹೇಳಿಕೊಟ್ಟವಳು ಅವಳೇ. ಅಧ್ಯಕ್ಷ ಆ ದಿನಗಳಲ್ಲಿ ಚೆನ್ನಾಗಿ ದುಡಿದ. ಪ್ಲಂಬರ್ ಜೊತೆ ತಾನೇ ಟೆರೇಸಿಗೆ ಹತ್ತಿ ಎಲ್ಲಿಂದ ಪೈಪು ಬರಬೇಕೆಂದು ನೋಡಿಬಂದ. ಅವನ ಕ್ಲಾಸಿನವರು ಎರಡನೇ ಸಲ ಚೀಟಿ ಹಾಕಲಿಲ್ಲ. ಫಿಲ್ಟರ್ ಕೂರಿಸಿದ ದಿನ ಒಪ್ಪಿಗೆ ಬರೆದುಕೊಟ್ಟು, ಬ್ಯಾಗು ಎತ್ತಿಕೊಂಡು ಮೇಲೆ ಹೋದರು. ಒಂದಿಬ್ಬರು ಗೊಣಗಿದರು. ಮಳೆಗಾಲ ಮುಗಿದಿತ್ತು, ಮೇಲೆ ಗಾಳಿ ಚೆನ್ನಾಗಿ ಬರುತ್ತಿತ್ತು.

ಇದಕ್ಕೆ ಯಾರೂ ಅಭಿನಂದನೆ ಹೇಳಲಿಲ್ಲ. ಫೋಟೋ ತೆಗೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವಳ ಕ್ಲಾಸಿನ ಬಹಳ ಜನಕ್ಕೆ ರೂಮು ಯಾಕೆ ಬದಲಾಯಿತೆಂದೂ ಗೊತ್ತಿರಲಿಲ್ಲ, ಕ್ಯಾಂಟೀನ್ ಹತ್ತಿರವಾಯಿತು ಎಂದು ಸಂತೋಷಪಟ್ಟರು. ಲಿಫ್ಟಿನ ಪಾಸೂ ವ್ಯರ್ಥವಾಗಲಿಲ್ಲ. ಕಬಡ್ಡಿಯಲ್ಲಿ ಕಾಲು ಮುರಿದುಕೊಂಡ ಹುಡುಗನೊಬ್ಬ ಪ್ಲಾಸ್ಟರ್ ಬಿಚ್ಚುವ ತನಕ ಅದರಲ್ಲಿ ಓಡಾಡಿದ.

ಅವಳೂ ನಾನೂ ಸ್ನೇಹಿತರಾಗಲಿಲ್ಲ. ಎದುರಾದರೆ ನಗುತ್ತಿದ್ದಳು, ಕೆಲಸವಿದ್ದರೆ ಮಾತಾಡುತ್ತಿದ್ದಳು. ಆ ಫೋಟೋದ ಮಾತು ಮತ್ತೆ ಬರಲಿಲ್ಲ. ಒಮ್ಮೆ ನಾನೇ ಎತ್ತಲು ಹೋದಾಗ, ಆಗಿದ್ದಾಯಿತಲ್ಲ ಅಕ್ಕ, ಫಿಲ್ಟರಿನ ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿದಳು. ನನಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಕ್ಷಮೆ. ಅವಳಿಗೆ ಬೇಕಾಗಿದ್ದದ್ದು ಅರ್ಜಿಯ ಸುದ್ದಿ. ಸುದ್ದಿ ಹೇಳಿದೆ.

ಮುಂದಿನ ವರ್ಷ ಅವಳ ಕ್ಲಾಸಿನವರು ಅವಳಿಗೆ ಕೈ ಎತ್ತಿದರು. ಕಾರ್ಯದರ್ಶಿಯನ್ನು ಮೇಷ್ಟ್ರುಗಳು ಗೊತ್ತುಮಾಡುವುದು ಬೇಡ, ಪ್ರತಿನಿಧಿಗಳೇ ಆರಿಸಿಕೊಳ್ಳಲಿ ಎಂದು ಅವಳು ಅರ್ಜಿ ಕೊಟ್ಟಳಂತೆ, ಸೀಲು ಹಾಕಿಸಿಕೊಂಡ ಪ್ರತಿಯೊಂದಿಗೆ. ಅದು ಆಗಲಿಲ್ಲ. ಆದರೆ ಮೇಷ್ಟ್ರುಗಳು ಅವಳನ್ನೇ ಕಾರ್ಯದರ್ಶಿ ಮಾಡಿದರು, ಅವಳು ಒಪ್ಪಿಕೊಂಡಳು. ನಾನಾಗಲೇ ಜಯನಗರದ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಸಂಘದ ವಾಟ್ಸಾಪ್ ಗುಂಪಿನಿಂದ ಮಾತ್ರ ಯಾರೂ ನನ್ನನ್ನು ತೆಗೆದಿರಲಿಲ್ಲ. ಒಂದು ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಅವಳ ಮೊದಲ ಸೂಚನೆ ಬಂತು. ಯಾವ ವಿದ್ಯಾರ್ಥಿಯ ತೊಂದರೆಯ ಬಗ್ಗೆ ಸಂಘ ಬರೆಯುತ್ತದೋ ಆ ವಿದ್ಯಾರ್ಥಿ ಅದನ್ನು ಮೊದಲು ಓದಿ ಸಹಿ ಹಾಕಬೇಕು, ಸಹಿ ಇಲ್ಲದ ಯಾವುದೂ ಆಚೆ ಹೋಗಬಾರದು ಎಂದಿತ್ತು.

ಕೆಳಗೆ ಹೊಸ ಹುಡುಗರು ಒಬ್ಬೊಬ್ಬರಾಗಿ ಸರಿ ಎಂದು ಬರೆಯುತ್ತಿದ್ದರು. ನಾನೂ ಸರಿ ಎಂದು ಬರೆದೆ, ಆಮೇಲೆ ಗುಂಪಿನಿಂದ ಆಚೆ ಬಂದು ಊಟಕ್ಕೆ ಕೂತೆ.