ಗಚ್ಚು ತುಂಬಿದ ದೋಣಿ

ಗದಗ-ಬೆಟಗೇರಿಯ ನಮ್ಮ ಹಿತ್ತಲಿನಲ್ಲಿ ನಾಲ್ಕು ವರ್ಷ ಒಂದು ದೋಣಿ ಇತ್ತು. ಒಂದು ಕಡೆ ತೊಗರಿ ಕಟ್ಟಿಗೆಯ ರಾಶಿ, ಇನ್ನೊಂದು ಕಡೆ ಆಕಳು, ನಡುವೆ ನಾಲ್ಕು ಕಲ್ಲುಗಳ ಮೇಲೆ ಅದು. ನಮ್ಮ ಅತ್ತೆಯವರು ಸಾಯುವ ತನಕ ಸಮುದ್ರ ನೋಡಲಿಲ್ಲ, ಆದರೆ ದೋಣಿಯ ನೆರಳಲ್ಲಿ ಕೂತು ಸೊಪ್ಪು ಸೋಸಿದ್ದಾರೆ. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದರೆ ಮೊದಲು ಹಿತ್ತಲಿಗೆ ಹೋಗಿ ಅದನ್ನು ನೋಡಿ ಬಂದು ಆಮೇಲೆ ಜಗಲಿಯ ಮೇಲೆ ಕೂಡುತ್ತಿದ್ದರು.

ಅದನ್ನು ಕಟ್ಟಿದವರು ನಮ್ಮ ಮನೆಯವರು. ಕೆಡಿಸಿದವಳು ನಾನು. ಇದನ್ನು ದೇವರ ಮುಂದೆ ಬಿಟ್ಟರೆ ಊರಲ್ಲಿ ಯಾರ ಮುಂದೂ ಹೇಳಿರಲಿಲ್ಲ.

ನನ್ನ ತವರು ಶಿರಹಟ್ಟಿ. ಅಪ್ಪ ಗುಡಿಯ ಪೂಜೆ ಮಾಡಿಕೊಂಡಿದ್ದವರು. ನೀರು ಅಂದರೆ ನನಗೆ ಬಾವಿ, ಕೆರೆ, ಅಭಿಷೇಕದ ತಂಬಿಗೆ, ಇಷ್ಟೇ. ನಮ್ಮವರು ಸರಕಾರಿ ಕಚೇರಿಯಲ್ಲಿ ಕಾರಕೂನರು. ಆಗ ಗದಗೂ ಕಾರವಾರವೂ ಮುಂಬೈ ಸರಕಾರದ ಕೆಳಗೇ ಇದ್ದವು. ಸ್ವಾತಂತ್ರ್ಯ ಬಂದ ಮರುವರ್ಷ ಅವರಿಗೆ ಕಾರವಾರಕ್ಕೆ ವರ್ಗವಾಯಿತು. ಅತ್ತೆಯವರು ಅತ್ತರು. ನಾನು ತ್ರಿಕೂಟೇಶ್ವರನಿಗೆ ದೀಪ ಹಚ್ಚಿ, ಎರಡು ಟ್ರಂಕು ಮತ್ತು ಒಂದು ಚೀಲ ಜೋಳ ತಗೊಂಡು ಹೊರಟೆ.

ನಮ್ಮ ಬಾಡಿಗೆ ಮನೆಯ ಹಿಂದೆ, ತೆಂಗಿನ ಮರಗಳ ಕೆಳಗೆ, ಒಬ್ಬ ಮುದುಕ ಮೇಸ್ತ್ರಿಯ ದೋಣಿ ಕಟ್ಟುವ ಚಪ್ಪರ ಇತ್ತು. ಕಚೇರಿಯಿಂದ ಬಂದವರು ಕೋಟು, ಟೋಪಿ ಗೂಟಕ್ಕೆ ಹಾಕಿ, ಚಹಾ ಕುಡಿದು, ಅಲ್ಲಿಗೆ ಹೋಗಿ ನಿಲ್ಲುವುದು ರೂಢಿಯಾಯಿತು. ಮೊದಲು ನಿಂತರು. ಆಮೇಲೆ ಕೂತರು. ಒಂದು ದಿನ ನೋಡಿದರೆ ಧೋತರ ಎತ್ತಿ ಕಟ್ಟಿ ಬಾಚಿ ಹಿಡಿದು ಮರ ಕೆತ್ತುತ್ತಿದ್ದಾರೆ.

ಮೇಸ್ತ್ರಿಯ ಮನೆಮಾತು ಕೊಂಕಣಿ. ಕನ್ನಡವನ್ನು ಮೆಲ್ಲಗೆ, ಒಂದೊಂದೇ ಮಾತು ಹುಡುಕಿ ಆಡುತ್ತಿದ್ದ. "ರಾಯರೇ, ನೀವು ಬಯಲುಸೀಮೆಯವರು. ದೋಣಿ ಕಟ್ಟಿ ಅದರಲ್ಲಿ ಜೋಳ ತುಂಬುತ್ತೀರಾ?" ಎಂದು ನಗುತ್ತಿದ್ದ.

"ಜೋಳನೂ ತುಂಬತೀನಿ, ನಮ್ಮಾಕಿನೂ ಕುಂದರಸ್ತೀನಿ. ನಿನಗ್ಯಾಕ ಚಿಂತಿ? ನೀ ಕಲಸು."

ಕಲಿಸಿದ. ಎರಡು ವರ್ಷ ಹಿಡಿಯಿತು. ಆಳಿಲ್ಲ, ಕಾಳಿಲ್ಲ, ರವಿವಾರ ಮತ್ತು ಸಂಜೆಯ ಹೊತ್ತಿನಲ್ಲಿ ಅವರೊಬ್ಬರೇ ಕಟ್ಟಿದ್ದು. ಮೂವರು ಕೂಡುವಷ್ಟು ಸಣ್ಣ ಹಾಯಿದೋಣಿ. ನನ್ನ ಕೈಯೂ ಅದರಲ್ಲಿ ಇದೆ. ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿಯ ಉದ್ದ ಬತ್ತಿ ಇಟ್ಟು ಉಳಿಯಿಂದ ಬಡಿಯುತ್ತಾರೆ. ಆ ಬತ್ತಿಯನ್ನೆಲ್ಲ ನಾನು ಹೊಸೆದೆ. ಹತ್ತಿ ನಮ್ಮ ಗದಗಿನದು, ಊರಿಗೆ ಹೋದಾಗ ತಂದದ್ದು. ದೇವರ ಬತ್ತಿ ಹೊಸೆದ ಕೈ, ಮೂರೆಳೆ ಸೇರಿಸಿ ಮೊಳಗಟ್ಟಲೆ ಹೊಸೆದು ಕೊಟ್ಟೆ. ಮೇಸ್ತ್ರಿ ಅದನ್ನು ಬೆರಳಲ್ಲಿ ಎಳೆದು ನೋಡಿ, "ಬಾಯಿಯವರೇ, ಇಂಥ ಬತ್ತಿ ನಮ್ಮ ಹೆಂಗಸರಿಗೂ ಬರುವುದಿಲ್ಲ" ಎಂದ. ಮಾಂಜರಪಾಟ ಬಟ್ಟೆ ತಂದು ಹಾಯಿಯನ್ನೂ ನಾನೇ ಕೈಹೊಲಿಗೆ ಹಾಕಿದೆ.

ಒಮ್ಮೆ ಮಾತ್ರ ನಾನು ಸಮುದ್ರದ ಮೇಲೆ ಹೋದೆ, ಮೇಸ್ತ್ರಿಯ ದೋಣಿಯಲ್ಲಿ. ಚಳಿಗಾಲದ ಬೆಳಗು, ನೀರು ಕನ್ನಡಿಯ ಹಾಗಿತ್ತು. ನಾನು ಕಣ್ಣು ಮುಚ್ಚಿ ತಾಳಿ ಹಿಡಿದು ಶಿವ ಶಿವಾ ಅನ್ನುತ್ತ ಕೂತಿದ್ದೆ.

"ಏ, ಕಣ್ಣರ ತಗಿ. ಶಿವ ಎಲ್ಲೂ ಹೋಗೂದಿಲ್ಲ, ದಂಡಿ ಹೋಗತೈತಿ" ಅಂದರು.

ಕಣ್ಣು ತೆಗೆದೆ. ಹಾಯಿಯ ಹಗ್ಗ ಅವರ ಕೈಯಲ್ಲಿತ್ತು. ಲಗ್ನವಾದಾಗಿನಿಂದ ಅವರ ಮುಖವನ್ನು ಅಷ್ಟು ನಿರಾಳವಾಗಿ ನಾನು ಕಂಡಿರಲಿಲ್ಲ. "ನಮ್ಮ ದೋಣಿ ಆಗಲಿ, ಅದರಾಗ ನಾವಿಬ್ಬರಽ ಬರೂಣು" ಅಂದರು. ಅವರು ನನ್ನ ಹತ್ತಿರ ಬಾಯಿಬಿಟ್ಟು ಹೇಳಿಕೊಂಡ ಆಸೆ ಅದೊಂದೇ. ಹಬ್ಬಕ್ಕೊಂದು ಅಂಗಿ ಸೈತ ಕೇಳಿದವರಲ್ಲ.

ದೋಣಿ ಮುಗಿಯುವಷ್ಟರಲ್ಲಿ ಮಳೆಗಾಲ ಬಂತು, ಕಡಲಿಗೆ ಇಳಿಯುವ ಹಾಗಿರಲಿಲ್ಲ. ಆ ಮಳೆಗಾಲದಲ್ಲೇ ಅವರ ಕೆಮ್ಮಿನಲ್ಲಿ ರಕ್ತ ಕಂಡಿತು. ಡಾಕ್ಟರು, ಈ ಹಸಿಗಾಳಿ ನಿಮಗೆ ಆಗದು, ಒಣ ಹವೆಯ ಊರಿಗೆ ಹೋಗಿ ಎಂದರು. ಅರ್ಜಿ ಕೊಟ್ಟದ್ದಕ್ಕೆ ಗದಗಿಗೇ ವರ್ಗ ಸಿಕ್ಕಿತು. ಅದು ದೇವರ ದಯೆ. ಮೇಸ್ತ್ರಿ, "ದೋಣಿ ಇಲ್ಲೇ ಇರಲಿ, ನಾನು ನೋಡಿಕೊಳ್ಳುತ್ತೇನೆ" ಎಂದ. ಇವರು ಕೇಳಲಿಲ್ಲ. ಒಮ್ಮೆಯೂ ನೀರು ಕಾಣದ ದೋಣಿಯನ್ನು ಲಾರಿಯ ಮೇಲೆ ಹೇರಿಸಿ ಘಟ್ಟ ಹತ್ತಿಸಿ ಬೆಟಗೇರಿಗೆ ತಂದರು. ಆರಾಮಾದ ಮೇಲೆ ತುಂಗಭದ್ರೆಗೆ ಇಳಿಸುವುದೆಂದು ಅವರ ಲೆಕ್ಕ. ಮುಂಡರಗಿಯಲ್ಲಿ ಅವರ ಅಕ್ಕನ ಮನೆ, ಅಲ್ಲಿಂದ ಹೊಳೆ ಹತ್ತಿರ.

ನಮ್ಮ ಕಡೆಯದು ಒಣಗಾಳಿ. ಹಲಗೆ ಒಣಗಿದರೆ ಸಂದು ಬಿಡುತ್ತವೆಂದು ಅವರು ದಿನಾ ಮುಂಜಾನೆ ಎರಡು ಕೊಡ ನೀರು ದೋಣಿಯೊಳಗೆ ಸುರಿದು, ಮೇಲೆ ಹಸಿ ಗೋಣಿಚೀಲ ಹೊದಿಸುತ್ತಿದ್ದರು. ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ಇಣುಕಿ, "ಏನಕ್ಕಾರ, ನಿಮ್ಮ ಯಜಮಾನ್ರು ತುಳಸಿಗಿಂತ ಮೊದ್ಲು ದೋಣಿಗೆ ನೀರ ಹಾಕ್ತಾರಲ್ಲ, ಚಿಗಿತೈತೇನು?" ಎಂದು ಕೇಳುತ್ತಿದ್ದಳು.

"ಚಿಗತ್ರ ಮೊದಲ ಕಾಯಿ ನಿಮಗಽ ಕೊಡ್ತೀವಿ ತಗೋರಿ" ಅನ್ನುತ್ತಿದ್ದೆ. ಆಗ ನನಗೂ ನಗು ಇತ್ತು.

ಮೂರು ವರ್ಷ ಹೀಗೆ ನಡೆಯಿತು. ನಾಲ್ಕನೆಯ ಬೇಸಿಗೆಗೆ ಅವರ ರೋಗ ಹೆಚ್ಚಾಗಿ ದೂರದ ದವಾಖಾನೆಯಲ್ಲಿ ನಾಲ್ಕು ತಿಂಗಳು ಇಡಬೇಕಾಯಿತು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ದೋಣಿ ನೋಡ್ಕೊ."

ಆ ವರ್ಷ ನಮ್ಮ ಬಾವಿ ತಳ ಕಂಡಿತು. ಸರದಿ ಕಾದು ಕೊಡ ನೀರು ತರುತ್ತಿದ್ದೆ. ಅತ್ತೆಯವರ ಸ್ನಾನ, ಆಕಳು, ಅಡಿಗೆ, ಪೂಜೆ. ದೋಣಿಯ ಪಾಲು ಮೊದಲು ಒಂದು ಕೊಡವಾಯಿತು, ಆಮೇಲೆ ಒಂದು ತಂಬಿಗೆ, ಆಮೇಲೆ ಅದೂ ಇಲ್ಲ. ಒಂದು ದಿನ ನೋಡಿದರೆ ಹಲಗೆಗಳು ಸರಿದು ಸಂದಿನೊಳಗಿಂದ ಬಿಸಿಲು ಕಾಣುತ್ತಿದೆ. ಬತ್ತಿಗಳು ಸಡಿಲವಾಗಿ ಜೋತುಬಿದ್ದಿವೆ. ಅಲ್ಲೇ ಕೂತು ಅತ್ತುಬಿಟ್ಟೆ.

ಅತ್ತೆಯವರು, "ಅಳೂದ್ಯಾಕ? ನೀರಿನ ತೊಟ್ಟಿ ಸೀಳಿದ್ರ ಏನ ಮಾಡ್ತೀವಿ? ಗಚ್ಚು ಹಾಕ್ತೀವಿ. ಇದಕ್ಕೂ ಹಾಕು" ಎಂದರು.

ನನಗೂ ಅದೇ ಸರಿ ಅನಿಸಿತು. ನಮ್ಮ ತೊಟ್ಟಿ ನೀರು ಹಿಡಿಯುವುದಿಲ್ಲವೇ? ಸುಣ್ಣ ಸೋಸಿ, ಸಣ್ಣ ಉಸುಕು, ಬೆಲ್ಲದ ನೀರು ಸೇರಿಸಿ, ಒರಳಲ್ಲಿ ಅರೆದು ಬೆಣ್ಣೆಯ ಹಾಗೆ ಮಾಡಿದೆ. ಹಳೆಯ ಬತ್ತಿ ಕಿತ್ತು, ಒಂದೊಂದು ಸಂದಿಗೂ ಬೆರಳಿಂದ ತುಂಬಿ ಒತ್ತಿದೆ. ಹದಿನಾಲ್ಕು ದಿನ ಹಿಡಿಯಿತು. ಸುಣ್ಣ ತಗುಲಿ ಬೆರಳ ತುದಿಗಳೆಲ್ಲ ಸುಲಿದುಹೋದವು. ದಿನಾ ಶಿವನ ಹೆಸರು ಹೇಳಿಕೊಂಡೇ ಮಾಡಿದೆ. ಮುಗಿದ ಮೇಲೆ ಗಚ್ಚು ಕಲ್ಲಿನಂತೆ ಕೂತಿತು. ಉಗುರಿಂದ ಬಡಿದರೆ ಟಣ್ ಅನ್ನುತ್ತಿತ್ತು. ಅಷ್ಟು ಹೆಮ್ಮೆ ನನಗೆ ಜೀವಮಾನದಲ್ಲಿ ಆಗಿಲ್ಲ.

ಅವರು ತಿರುಗಿ ಬಂದರು. ಸೊರಗಿ ಕಡ್ಡಿಯಾಗಿದ್ದರು. ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಸೀದಾ ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. ಹೊಗಳುತ್ತಾರೆಂದು ಕಾಯುತ್ತಿದ್ದೆ ಅಂದರೆ ಸುಳ್ಳಲ್ಲ. ಸಂದಿನ ಮೇಲೆ ಹೆಬ್ಬೆರಳು ಆಡಿಸುತ್ತ ದೋಣಿಯನ್ನು ಒಂದು ಸುತ್ತು ಬಂದರು.

"ಯಾರ ಮಾಡಿದ್ದಿದು?"

"ನಾನಽ ಮಾಡೀನ್ರಿ. ಎಲ್ಲೂ ಒಂದು ಸೂಜಿ ಸೈತ ಹೋಗೂದಿಲ್ಲ, ನೋಡ್ರಿ."

"ಎಷ್ಟು ದಿನ ಹಿಡೀತು?"

"ಹದಿನಾಕು ದಿನ."

"ಕೈ ತೋರ್ಸು."

ತೋರಿಸಿದೆ. ಅಡಿಗೆಮನೆಗೆ ಹೋಗಿ ಬೆಣ್ಣೆ ತಂದು ಒಂದೊಂದು ಬೆರಳಿಗೂ ಹಚ್ಚಿದರು. "ಚಲೋ ಆಗೈತಿ. ದೀಪಾವಳಿಗೆ ಹೊಳಿಗೆ ಇಳಸೂಣು" ಅಂದರು. ಎಂದೂ ನನ್ನ ಕೈ ಹಿಡಿದು ಕೂತವರಲ್ಲ. ಆ ಬೆಣ್ಣೆಯ ನೆನಪಲ್ಲೇ ಒಂದು ತಿಂಗಳು ನಾನು ನೆಲ ಮೆಟ್ಟಲಿಲ್ಲ.

ಕನ್ನಡನಾಡು ಒಂದಾದದ್ದು ಅದೇ ವರ್ಷ, ದೀಪಾವಳಿಯ ಹೊತ್ತಿಗೇ. ಗದಗಿನ ಬೀದಿಗೆಲ್ಲ ತೋರಣ. ಮುಂಡರಗಿಯಿಂದ ಅವರ ಅಕ್ಕನ ಗಂಡ ಚಕ್ಕಡಿ ತಂದರು. ಅವರನ್ನು ನಾವೆಲ್ಲ ಮಾಮಾ ಅನ್ನುತ್ತಿದ್ದೆವು, ನಗಿಸುವ ಮನುಷ್ಯ. ದೋಣಿ ಹೇರಿಕೊಂಡು ಹೊಳೆಯ ದಂಡೆಗೆ ಹೋದೆವು. ಮಂಡಿಮಟ್ಟ ನೀರಿಗೆ ಅದನ್ನು ಇಳಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದೆ. ತೊಟ್ಟು ನೀರು ಒಳಗೆ ಬರಲಿಲ್ಲ. ನಾನು ನಮ್ಮವರ ಮುಖ ನೋಡಿದೆ. ಅವರು ದೋಣಿಯನ್ನೇ ನೋಡುತ್ತಿದ್ದರು.

"ಜಲ್ದಿ ಹತ್ರಿ ಮತ್ತ" ಅಂದೆ.

"ಒಂದು ದಿನ ನೀರು ಕುಡೀಲಿ, ತಡಿ. ಹಂಗಽ ಹತ್ತಬಾರ್ದು. ನೀನಂತೂ ಹತ್ತಬ್ಯಾಡ."

ಮರುದಿನ ಮಧ್ಯಾಹ್ನ ದಂಡೆಯ ಮೇಲೆ ರೊಟ್ಟಿ ಬುತ್ತಿ ಬಿಚ್ಚಿ ಕೂತಿದ್ದೆವು. ಟಪ್ ಎಂದು ಒಂದು ಸಪ್ಪಳ. ಆಮೇಲೆ ಇನ್ನೊಂದು. ನೋಡನೋಡುತ್ತ ಪಕ್ಕದ ಒಂದು ಹಲಗೆ ಮೊಳೆ ಸಮೇತ ಕಿತ್ತು ಹೊರಗೆ ಬಾಗಿತು. ಒಳಗಿನ ಎರಡು ಅಡ್ಡಕಟ್ಟಿಗೆಗಳು ಸೀಳಿದವು. ನೀರು ನುಗ್ಗಿ ದೋಣಿ ಅಲ್ಲೇ ಉಸುಕಿನ ಮೇಲೆ ಕೂತಿತು. ನನ್ನ ಗಚ್ಚು ಮಾತ್ರ ಒಂದು ಚೂರೂ ಅಲುಗಿರಲಿಲ್ಲ.

ಮಾಮಾ, "ಇದೇನಲೇ ತಮ್ಮಾ! ನಾಡೆಲ್ಲಾ ಒಂದಾತು, ನಿನ್ನ ಹಲಗಿ ಬ್ಯಾರೆ ಆದುವಲ್ಲೋ" ಎಂದರು. ನಗಿಸಬೇಕೆಂದೇ ಅಂದದ್ದು.

ನಮ್ಮವರು ನಕ್ಕರು. "ಮರದಾಗ ದೋಷ ಇತ್ತು, ಮಾಮಾ. ನಂದಽ ತಪ್ಪು. ಹಲಗಿ ಆರಿಸೂ ಮುಂದ ತಪ್ಪೀನಿ."

ಆಮೇಲೆ ಬೇಡವೆಂದರೂ ಕೇಳದೆ ನೀರಿಗಿಳಿದು, ಕೂತುಬಿಟ್ಟಿದ್ದ ಆ ದೋಣಿಯನ್ನು ಹತ್ತಿದರು. ನಾನು ಹೊಲಿದ ಹಾಯಿಯನ್ನು ಏರಿಸಿದರು. ಗಾಳಿ ಬಂತು. ಬಿಳಿ ಹಾಯಿ ತುಂಬಿ ನಿಂತಿತು, ಎಲ್ಲ ಹಗ್ಗಗಳೂ ಬಿಗಿದವು, ದೋಣಿ ಮಾತ್ರ ಅಲ್ಲಾಡಲಿಲ್ಲ. ಕೂತರೆ ಸೊಂಟಮಟ್ಟ ಬರುವಷ್ಟು ನೀರು ತುಂಬಿದ ದೋಣಿಯಲ್ಲಿ ಹಗ್ಗ ಹಿಡಿದು, ಆಚೆ ದಂಡೆ ನೋಡುತ್ತ ಕೂತರು. ನಾನು ಕರೆದೆ. "ಗಾಳಿ ಚಲೋ ಐತಿ, ಇನ್ನೊಂದೀಟು ಕುಂಡ್ರತೀನಿ" ಅಂದರು.

ಯುಗಾದಿಯ ಒಳಗೆ ಹೋಗಿಬಿಟ್ಟರು. ಮನೆಯಲ್ಲೇ, ಅತ್ತೆಯವರು ತಲೆ ಸವರುತ್ತಿರುವಾಗ, ನನ್ನ ಕೈಯ ತೀರ್ಥ ಕುಡಿದು ಹೋದರು. ಅದನ್ನೂ ನಾನು ದಯೆಯೆಂದೇ ಎಣಿಸುತ್ತೇನೆ.

ಎರಡು ವರ್ಷದ ಮೇಲೆ ಅಣ್ಣನ ಜೊತೆ ಗೋಕರ್ಣಕ್ಕೆ ಹೋದವಳು ಕಾರವಾರಕ್ಕೂ ಹೋಗಿ ಬಂದೆ. ಮೇಸ್ತ್ರಿ ಅದೇ ಚಪ್ಪರದಲ್ಲಿದ್ದ, ಕಣ್ಣು ಮಂಜಾಗಿತ್ತು. ಸುದ್ದಿ ಕೇಳಿ ಬಾಚಿ ಕೆಳಗಿಟ್ಟ. ದೋಣಿ ಏನಾಯಿತೆಂದು ಕೇಳಿದ. ಹಲಗೆಯ ದೋಷವಂತೆ ಎಂದೆ.

ಅವನಿಗೆ ಸಿಟ್ಟೇ ಬಂತು. "ಹಲಗೆ ಆರಿಸಿದ್ದು ನಾನು. ದೋಷ ಎಲ್ಲಿಂದ ಬರಬೇಕು?"

ಆಗ ಗಚ್ಚಿನ ವಿಷಯ ಹೇಳಿದೆ. ಅವನು ಮೆಲ್ಲಗೆ ಹೇಳಿದ: "ಬಾಯಿಯವರೇ, ಒಣಗಿದ ಮರ ನೀರಲ್ಲಿ ಉಬ್ಬುತ್ತದೆ. ಸಂದು ತಾನೇ ಮುಚ್ಚುತ್ತದೆ. ಬತ್ತಿ ಮೆತ್ತಗಿದೆ, ಜಾಗ ಕೊಡುತ್ತದೆ. ಸಂದಿಯಲ್ಲಿ ಕಲ್ಲು ಇದ್ದರೆ ಮರ ಎಲ್ಲಿಗೆ ಹೋಗಬೇಕು? ರಾಯರಿಗೆ ನಾನು ಮೊದಲ ದಿನ ಕಲಿಸಿದ್ದೇ ಇದು."

ಮೊದಲ ದಿನವೇ ಕಲಿತಿದ್ದರು. ಹಾಗಾದರೆ ಹಿತ್ತಲಿನಲ್ಲಿ ಸಂದಿನ ಮೇಲೆ ಹೆಬ್ಬೆರಳು ಆಡಿಸಿದಾಗಲೇ ಅವರಿಗೆ ಎಲ್ಲ ಗೊತ್ತಿತ್ತು. ಗಚ್ಚು ಕೆತ್ತಿ ತೆಗೆಯಲು ಅವರ ಕೈಯಲ್ಲಿ ತ್ರಾಣವಿರಲಿಲ್ಲ. ನನಗೆ ಹೇಳಿದ್ದರೆ ನಾನು ತೆಗೆಯುತ್ತಿದ್ದೆ, ಇನ್ನೂ ಹದಿನಾಲ್ಕು ದಿನ ಹಿಡಿಯಲಿ, ಉಗುರೆಲ್ಲ ಹೋಗಲಿ. ಆದರೆ ಹಾಗೆ ಹೇಳಬೇಕಾದರೆ ಮೊದಲು ನನ್ನ ಕೆಲಸ ತಪ್ಪೆನ್ನಬೇಕಿತ್ತು. ಸುಲಿದ ಬೆರಳು ನೋಡಿ ಅವರ ಬಾಯಿಂದ ಆ ಮಾತು ಬರಲಿಲ್ಲ. ಬೆಣ್ಣೆ ತಂದರು.

ಒಂದು ಮಾತು ಬೈಯಬಾರದಿತ್ತೇ ಎಂದು ದೇವರ ಮುಂದೆ ಅವರ ಜೊತೆ ಜಗಳವಾಡಿದ್ದೇನೆ. ಬೈದಿದ್ದರೆ ದೋಣಿ ಉಳಿಯುತ್ತಿತ್ತು, ಅವರು ಒಮ್ಮೆಯಾದರೂ ಆಚೆ ದಂಡೆ ಮುಟ್ಟಿ ಬರುತ್ತಿದ್ದರು. ನಾನೂ ಎದುರಿಗೆ ಕೂತಿರುತ್ತಿದ್ದೆ.

ಕಿತ್ತು ಬಂದ ಆ ಹಲಗೆಯನ್ನು ಅತ್ತೆಯವರು ಒಲೆಗೆ ಹಾಕಲು ಬಿಡಲಿಲ್ಲ. ಅದರಲ್ಲಿ ಒಂದು ತುಂಡು ಕೊಯ್ಸಿ ಮಣೆ ಮಾಡಿಸಿದರು. ದೇವರ ಮುಂದೆ ನಾನು ಬತ್ತಿ ಹೊಸೆಯಲು ಕೂಡುವುದು ಅದರ ಮೇಲೆಯೇ. ಒಂದು ಅಂಚಿನಲ್ಲಿ ಗಚ್ಚು ಇನ್ನೂ ಹಾಗೇ ಕಚ್ಚಿಕೊಂಡಿದೆ. ಬಡಿಗನಿಗೂ ತೆಗೆಯಲು ಆಗಲಿಲ್ಲ.