ಮೂರು ಊರು ಮುಚ್ಚಿದ ಹೆಸರು

"ಅಮ್ಮಾ, ಅಂಟು ಮಾವ ಊರುಗಳ ಮೇಲೆ ಯಾಕೆ ಕಾಗದ ಅಂಟಿಸ್ತಾರೆ? ಒಳಗಿರೋರಿಗೆ ಉಸಿರು ಕಟ್ಟಲ್ವಾ?"

ಐದು ವರ್ಷದ ಮಗಳು ಹೀಗೆ ಕೇಳಿದಾಗ ನಾನು ಅವಳ ಜಡೆ ಹೆಣೆಯುತ್ತಿದ್ದೆ. "ಅದು ಬರೀ ನಕ್ಷೆ ಕಣೇ, ಊರಲ್ಲ. ಅಲ್ಲಾಡಬೇಡ" ಎಂದು ಜಡೆ ಮುಗಿಸಿದೆ. ಅದು ಸೋಮವಾರ. ಇವತ್ತು ಶುಕ್ರವಾರ, ನಾನು ಹೇಳಿದ್ದು ತಪ್ಪು ಎಂದು ಗೊತ್ತಾಗಿದೆ. ಅದಕ್ಕೇ ಮಗಳು ನಿದ್ದೆ ಮಾಡುತ್ತಿರುವ ಈ ಸಂಜೆಯ ಅರ್ಧ ಗಂಟೆಯಲ್ಲಿ ಬರೆದಿಡುತ್ತಿದ್ದೇನೆ.

ಅಂಟು ಮಾವ ನಮ್ಮ ಕೆಳಮನೆಯವರು. ನಕ್ಷೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಹೆಸರು ಅಂಟಿಸುವ ಕೆಲಸ. ಮೂಲ ಹಾಳೆಯ ಮೇಲಿನ ಹಳೆಯ ಹೆಸರು ಬೇಡವಾದರೆ, ಹೊಸ ಹೆಸರು ಅಚ್ಚಾದ ತೆಳು ಚೀಟಿಯನ್ನು ಅದರ ಮೇಲೆ ಕೂರಿಸಬೇಕು. ಫೋಟೊ ತೆಗೆದಾಗ ಅಂಚಿನ ನೆರಳು ಬೀಳದಂತೆ ಬ್ಲೇಡಿನಿಂದ ಸವರಬೇಕು. ಆ ಫೋಟೊದಿಂದಲೇ ದೇಶಕ್ಕೆಲ್ಲ ನಕ್ಷೆ ಅಚ್ಚಾಗುತ್ತದೆ. ಹಾಳೆಯ ಕೆಲಸ ಕಚೇರಿಯಲ್ಲೇ ಆಗಬೇಕು, ಶಾಲೆಗಳ ಗೋಡೆ ನಕ್ಷೆಗಳನ್ನು ಮಾತ್ರ ಮನೆಗೆ ತರುತ್ತಾರೆ. ಅವರ ಮುಂದಿನ ಕೋಣೆಯ ಸೋಫಾದ ಮೇಲೆ ಸುರುಳಿ ನಕ್ಷೆಗಳು ದೊಡ್ಡ ನೆಂಟರಂತೆ ಕಾಲು ಚಾಚಿ ಮಲಗಿರುತ್ತವೆ. ನಿಜವಾದ ನೆಂಟರಿಗೆ ಅಡುಗೆಮನೆಯ ಸ್ಟೂಲು. ಹೆಂಡತಿ ತೀರಿಕೊಂಡ ಮೇಲಂತೂ ಊಟದ ಮೇಜೂ ನಕ್ಷೆಗಳ ಪಾಲಾಗಿದೆ, ಮಾವ ತಟ್ಟೆಯನ್ನು ಕಿಟಕಿಕಟ್ಟೆಯ ಮೇಲಿಟ್ಟುಕೊಂಡು ನಿಂತೇ ಉಣ್ಣುತ್ತಾರೆ.

ಅವರು ಹುಟ್ಟಿದ್ದು ಗುಡ್ಡಸೀಮೆಯಲ್ಲಿ. ಅಲ್ಲಿನ ಜನ, ಅಲ್ಲಿನ ಮಾತು ಎರಡೂ ಬೇರೆ. ತಮ್ಮ ನೆಲವನ್ನು ಅವರು ಮೂರಕ್ಷರದ ಹೆಸರಿನಿಂದ ಕರೆಯುತ್ತಾರೆ. ಸರ್ಕಾರ ಅದಕ್ಕೆ ಏಳಕ್ಷರದ್ದೊಂದನ್ನು ಹೊಂದಿಸಿಟ್ಟಿದೆ. ಮೂರಕ್ಷರ ಒಪ್ಪಿಕೊಂಡರೆ ನಾಳೆ ಬೇರೆ ದೇಶ ಕೇಳುತ್ತಾರಂತೆ, ನಾಲ್ಕಕ್ಷರ ಜಾಸ್ತಿ ಹೊರಿಸಿದರೆ ಭಾರಕ್ಕೆ ಕೂತಲ್ಲೇ ಕೂತಿರುತ್ತಾರೆ ಎಂದು ಲೆಕ್ಕಾಚಾರವಿರಬೇಕು. ಒಂದು ಪಕ್ಷ ಗೆದ್ದರೆ ಮೂರಕ್ಷರದ ಚೀಟಿ, ಇನ್ನೊಂದು ಗೆದ್ದರೆ ಏಳಕ್ಷರದ ಚೀಟಿ. ಶಾಲೆಯ ಹಳೆಯ ನಕ್ಷೆಯಲ್ಲಿ ಆ ಜಾಗವನ್ನು ಮುಟ್ಟಿದರೆ ಬೆರಳಿಗೆ ಗಂಟು ಸಿಗುತ್ತದೆ. ಸರ್ಕಾರದ ದಯೆಯಿಂದ ಎತ್ತರ ಬೆಳೆದ ಗುಡ್ಡ ಇಡೀ ದೇಶದಲ್ಲಿ ಅದೊಂದೇ.

ಕಚೇರಿಯಲ್ಲಿ ಅವರನ್ನು 'ಗುಡ್ಡದವನು' ಎನ್ನುತ್ತಾರೆ. ಗುಡ್ಡಕ್ಕೆ ಹೋದರೆ 'ಸರ್ಕಾರದವನು'. ಮಾವ ಎರಡಕ್ಕೂ 'ಹೂಂ' ಎನ್ನುತ್ತಾರೆ. ಆ 'ಹೂಂ' ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

"ನಿಮ್ಮವರ ಹೆಸರನ್ನ ನೀವೇ ಮುಚ್ಚೋಕೆ ಬೇಜಾರಾಗಲ್ವಾ ಮಾವ?" ಎಂದು ಒಮ್ಮೆ ಕೇಳಿಯೇಬಿಟ್ಟಿದ್ದೆ.

"ಬೇರೆಯವನು ಅಂಟಿಸಿದ್ರೆ ಸೊಟ್ಟ ಅಂಟಿಸ್ತಾನೆ, ಮಗಳೇ."

ಹೋದ ವರ್ಷ ಈ ಜಗಳ ಮುಗಿಸಲೆಂದು ಹನ್ನೆರಡು ಜನರ ಸಮಿತಿಯಾಯಿತು. ಆರು ಜನ ಸರ್ಕಾರದ ಕಡೆ, ಆರು ಜನ ಗುಡ್ಡದ ಕಡೆ, ಚಹಾ ಎರಡೂ ಕಡೆಗೆ. ಎರಡೂ ಹೆಸರು ಇರಲಿ ಎಂದು ಮೊದಲ ತಿಂಗಳೇ ಒಪ್ಪಿದರು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಆಮೇಲೆ ಐದು ತಿಂಗಳು ಗಂಟಲು ಹರಿದುಕೊಂಡರು. ಕೊನೆಗೆ ಮೇಲೂ ಬೇಡ ಕೆಳಗೂ ಬೇಡ, ಒಂದೇ ಸಾಲು, ನಡುವೆ ಒಂದು ಗೆರೆ ಎಂದಾಯಿತು. ಎಡಕ್ಕೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಪಂಡಿತರು, ನಿವೃತ್ತ ನ್ಯಾಯಾಧೀಶರು ಎಲ್ಲ ಸೇರಿ ನಾಣ್ಯ ಚಿಮ್ಮಿದರು! ನಂತರ ಅಕ್ಷರದ ಗಾತ್ರ. ಪಕ್ಕದ ಸೀಮೆಗಳ ಹೆಸರಿಗಿಂತ ಕೂದಲೆಳೆಯಷ್ಟೂ ಚಿಕ್ಕದಿರಬಾರದು ಎಂದು ಗುಡ್ಡದ ಸಂಘದ ಅಧ್ಯಕ್ಷರು ಮೇಜು ಕುಟ್ಟಿದರು. ದೊಡ್ಡದೂ ಇರಬಾರದು ಎಂದು ಕಚೇರಿಯ ಸಾಹೇಬರು ಕುಟ್ಟಿದರು. ಹೆಸರುಗಳ ಕೊನೆಗೆ 'ಸಂಯುಕ್ತ ವಿಶೇಷ ಪ್ರದೇಶ' ಎಂಬ ಬಾಲ ಸೇರಿ ಒಟ್ಟು ಹತ್ತೊಂಬತ್ತು ಅಕ್ಷರವಾಯಿತು. ಕೈಕುಲುಕಿ ಫೋಟೊ ತೆಗೆಸಿಕೊಂಡರು.

ಹನ್ನೆರಡು ಜನರಲ್ಲಿ ಒಬ್ಬರಿಗಾದರೂ ಅಷ್ಟುದ್ದದ ಚೀಟಿಯ ಅಡಿಯಲ್ಲಿ ಏನು ಬರುತ್ತದೆ ಎಂದು ನೋಡಬೇಕೆನಿಸಲಿಲ್ಲ. ಅಡಿಯಲ್ಲಿ ಮೂರು ಊರುಗಳಿದ್ದವು. ಅದನ್ನು ನೋಡಿದವರು ಮಾವ ಒಬ್ಬರೇ. "ಸಾರ್, ಊರು ಮುಚ್ಚಿಹೋಗ್ತವೆ" ಎಂದರಂತೆ. "ಅಂಟಿಸಯ್ಯಾ" ಎಂದರಂತೆ ಸಾಹೇಬರು. ಅಂಟಿಸಿದರು. ನೆರಳೇ ಬೀಳದಷ್ಟು ಚೆನ್ನಾಗಿ.

ಆ ಹಾಳೆಯ ಕರಡು ಪ್ರತಿ ಎಲ್ಲ ಇಲಾಖೆಗಳಿಗೂ ಹೋಯಿತು.

ಮಂಗಳವಾರ ಸಂಜೆ ಮಗಳನ್ನು ಕರೆತರಲು ಕೆಳಗೆ ಹೋದಾಗ ಮಾವನ ಫೋನು ಮೊಳಗಿತು. ಕಿವಿ ಮಂದವಾದ್ದರಿಂದ ಅವರು ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಅತ್ತ ಕಡೆ ಅವರ ಅಕ್ಕ, ಆ ಮೂರರಲ್ಲಿ ಒಂದೂರಿನವರು.

"ಏನೋ ತಮ್ಮಾ, ನಮ್ಮೂರು ಎಲ್ಲೋ ಹೊರಟುಹೋಯ್ತಂತಲ್ಲೋ? ನಾನು ಬಾಗಿಲಲ್ಲೇ ಕೂತಿದ್ದೆ, ಹೋಗಿದ್ದು ಕಾಣ್ಲಿಲ್ಲ!"

"ಏನಾಯ್ತಕ್ಕಾ?"

"ಸೂಜಿ ಗಾಡಿ ಬಂದು ಐದು ತಿಂಗಳಾಯ್ತು ಕಣೋ. ದೊಡ್ಡ ರಸ್ತೇಲಿ ಡ್ರೈವರನ್ನ ಅಡ್ಡಗಟ್ಟಿ ಕೇಳ್ದೆ. ಹಾಳೆ ತೋರಿಸ್ತಾನೆ! 'ಇದ್ರಲ್ಲಿ ನಿಮ್ಮೂರಿಲ್ಲ ಅಜ್ಜೀ, ಇಲ್ಲದ ಊರಿಗೆ ಡೀಸೆಲ್ ಕೊಡಲ್ಲ' ಅಂತಾನೆ. ಮೊಮ್ಮಗೂಗೆ ನಾಲ್ಕು ತಿಂಗಳು, ಒಂದು ಸೂಜಿ ಬಿದ್ದಿಲ್ಲ. ಮೂರೂರು ಸೇರಿ ಹನ್ನೊಂದು ಕೂಸು. ಕಣಿವೆ ಕಡೆ ಗಂಟಲಮಾರಿ ಶುರುವಾಗಿದೆ ಅಂತಿದಾರೆ. ನೀನು ನಕ್ಷೆ ಕಚೇರೀಲಿ ದೊಡ್ಡ ಮನುಷ್ಯ ಅಲ್ವೇನೋ, ಸ್ವಲ್ಪ ಹೇಳೋ."

ಮಾವ "ಹೂಂ" ಎಂದರು. ಫೋನಿಟ್ಟವರೇ ಮೇಜಿನ ಮೇಲಿದ್ದ ಬ್ಲೇಡನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದರು.

ನಾನು ಮನೆಗೆ ಬಂದು ಮಗಳ ಲಸಿಕೆ ಕಾರ್ಡು ತೆಗೆದು ನೋಡಿದೆ. ಒಂದು ಚೌಕವೂ ಖಾಲಿ ಇಲ್ಲ. ಬುಧವಾರ ಬೆಳಿಗ್ಗೆ ಆರೋಗ್ಯ ಕಚೇರಿಗೆ ನಾನೇ ಫೋನು ಮಾಡಿದೆ. ಅಲ್ಲಿದ್ದಾಕೆ ಬಹಳ ಮರ್ಯಾದೆಯಿಂದಲೇ ಮಾತಾಡಿದಳು. "ನಕ್ಷೆಯಲ್ಲಿ ಬರ್ಲಿ ಮೇಡಂ, ಮಾರನೇ ದಿನಾನೇ ಗಾಡಿ ಕಳಿಸ್ತೀವಿ. ಇಲ್ಲದಿರೋ ಊರಿಗೆ ಹೇಗೆ ಕಳಿಸೋದು ನೀವೇ ಹೇಳಿ." ಊರು ಇದೆ, ಮುದುಕಿ ಬಾಗಿಲಲ್ಲಿ ಕೂತಿದ್ದಾಳೆ ಎಂದೆ. "ಅದು ಸರಿ ಮೇಡಂ" ಎಂದಳು.

ಅದೇ ದಿನ ಮಾವ ಸಾಹೇಬರ ಬಾಗಿಲಲ್ಲಿ ನಿಂತರು. ಹೆಸರನ್ನು ಎರಡು ಸಾಲು ಮಾಡಿದರೆ ಊರು ಬಿಡುಗಡೆಯಾಗುತ್ತವೆ ಎಂದು ಹೇಳಿದರಂತೆ.

"ಎರಡು ಸಾಲಾ? ಮತ್ತೆ ಯಾವುದಯ್ಯಾ ಮೇಲೆ? ಇನ್ನೊಂದು ಸಮಿತಿ ಮಾಡಿಸ್ಬೇಕು ಅಂತಿದೀಯಾ? ಸೋಮವಾರ ಫೋಟೊ. ನಿನ್ನ ಹಳ್ಳಿಗಳನ್ನ ಮುಂದಿನ ಆವೃತ್ತಿಯಲ್ಲಿ ನೋಡೋಣ."

ಮುಂದಿನ ಆವೃತ್ತಿ ಏಳು ವರ್ಷಕ್ಕೆ. ಅಷ್ಟರಲ್ಲಿ ಆ ಕೂಸುಗಳು ಬದುಕಿದ್ದರೆ ಎರಡನೇ ತರಗತಿಯಲ್ಲಿರುತ್ತವೆ, ನಕ್ಷೆಯಲ್ಲಿ ತಮ್ಮೂರು ಹುಡುಕುತ್ತ.

ಗುರುವಾರ, ಅಕ್ಷರ ಸ್ವಲ್ಪ ಚಿಕ್ಕದು ಮಾಡಲು ಒಪ್ಪಿಸೋಣವೆಂದು ಸಂಘದ ಅಧ್ಯಕ್ಷರ ಬಳಿ ಹೋದರು. ಇವರಾದರೂ ನಮ್ಮವರಲ್ಲವೇ ಎಂಬ ಆಸೆ. ಅಧ್ಯಕ್ಷರು ನಗರದ ಐದನೇ ಮಹಡಿಯಲ್ಲಿರುತ್ತಾರೆ, ಗುಡ್ಡ ಬಿಟ್ಟು ಇಪ್ಪತ್ತು ವರ್ಷವಾಗಿದೆ. ಗೋಡೆಯ ಮೇಲೆ ಗುಡ್ಡದ ದೊಡ್ಡ ಚಿತ್ರವಿದೆಯಂತೆ, ಮನೆ ಮಠ ಒಂದೂ ಕಾಣದ ಚಿತ್ರ.

"ಇಷ್ಟು ವರ್ಷ ಹೋರಾಡಿ ಅಕ್ಷರದ ಗಾತ್ರ ಗಳಿಸಿದೀವಿ ಕಣಪ್ಪಾ. ಮೂರು ಹಳ್ಳಿಗೋಸ್ಕರ ಚಿಕ್ಕದು ಮಾಡೋಕಾಗುತ್ತಾ? ನಮ್ಮ ಹೆಸರಿನ ಅಡಿ ಇದೀವಿ ಅಂತ ಆ ಜನ ಹೆಮ್ಮೆ ಪಡಬೇಕು."

ಇದನ್ನು ಮಾವ ಮೆಟ್ಟಿಲ ಮೇಲೆ ಕೂತು, ಬಿಚ್ಚಿದ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು. ಆ ಚಪ್ಪಲಿಗೆ ಅಧ್ಯಕ್ಷರ ಮನೆಯಲ್ಲೇ ಒಂದು ಉಪಯೋಗವಿತ್ತು ಎಂದು ನನಗೆ ಅನ್ನಿಸಿತು.

ಇವತ್ತು ಮಧ್ಯಾಹ್ನ ಮಾವ ಮೇಲೆ ಬಂದರು. ನಮ್ಮ ಅಡುಗೆಮನೆಯಲ್ಲಿ ಕೂತು, ಹಳೇ ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಬಿಲ್ಲಿನಂಥ ಗೆರೆ ಎಳೆದರು.

"ಬೆಟ್ಟದ ಸಾಲಿನ ಹೆಸರನ್ನ ನಕ್ಷೇಲಿ ನೇರ ಬರೆಯಲ್ಲ ಮಗಳೇ, ಬೆಟ್ಟ ಬಾಗಿದ ಹಾಗೆ ಬಾಗಿಸಿ ಬರೀತೀವಿ. ಚೀಟಿ ಬಿಚ್ಚಿ, ಅಕ್ಷರ ಅಕ್ಷರವಾಗಿ ಕತ್ತರಿಸಿ, ಈ ಗೆರೆ ಮೇಲೆ ಕೂರಿಸ್ತೀನಿ. ಒಂದೇ ಸಾಲು, ಅದೇ ಗಾತ್ರ. ಮೇಲೆ ಕೆಳಗೆ ಅನ್ನೋ ಜಗಳವಿಲ್ಲ. ಈ ಗೆರೆ ಅಡಿ ಇರೋದು ಬರೀ ಬಂಡೆ. ಬಂಡೆಗೆ ಸೂಜಿ ಬೇಕಿಲ್ಲ."

"ಸಾಹೇಬರಿಗೆ ಗೊತ್ತಾದ್ರೆ?"

"ಅವರು ಸ್ಕೇಲು ಹಿಡಿದು ಅಕ್ಷರದ ಎತ್ತರ ಅಳೀತಾರೆ. ಎತ್ತರ ಸರಿ ಇರುತ್ತೆ."

"ನಿವೃತ್ತಿಗೆ ಏಳೇ ತಿಂಗಳಿದೆ ಮಾವ. ಕೆಲಸದಿಂದ ತೆಗೆದುಬಿಟ್ರೆ?"

"ತೆಗೀಬಹುದು." ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಅಂಟಿಸಿದ್ದು ನಾನು ಅಂತ ಅಕ್ಕನಿಗೆ ಇನ್ನೂ ಹೇಳಿಲ್ಲ. ಮೊದಲು ಬಿಚ್ಚಿ ಆಮೇಲೆ ಹೇಳ್ತೀನಿ."

ಮೂವತ್ತನಾಲ್ಕು ವರ್ಷ 'ಹೂಂ' ಎಂದ ಮನುಷ್ಯನ ಎದುರು ಒಂದು ಲೋಟ ಕಾಫಿ ಇಟ್ಟೆ. ಕುಡಿದು ಮುಗಿಸಿ ಹೋಗಲು ಎದ್ದವರು ಬಾಗಿಲಲ್ಲಿ ನಿಂತರು.

"ಚೀಟೀನ ಹಾಗೇ ಎಳೆದ್ರೆ ಅಡಿ ಇರೋ ಊರಿನ ಮಸಿಯೂ ಕಿತ್ತು ಬರುತ್ತೆ. ಹಬೆ ಕೊಟ್ರೆ ಅಂಟು ಬಿಡುತ್ತೆ, ಆದ್ರೆ ಕೆಟಲಿನ ಹಬೆ ಬಲು ಬಿಸಿ, ಹಾಳೆ ಉಬ್ಬಿಬಿಡುತ್ತೆ. ಶನಿವಾರ ಮಧ್ಯಾಹ್ನ ಕಚೇರೀಲಿ ಯಾರೂ ಇರಲ್ಲ..." ಸ್ವಲ್ಪ ನಾಚಿಕೊಂಡರು. "ಮಗೂಗೆ ನೆಗಡಿಯಾದಾಗ ಮೆತ್ತಗೆ ಹಬೆ ಕೊಡೋ ಆ ಪುಟ್ಟ ಮಷೀನು ಇದೆಯಲ್ಲ, ನಾಳೆ ಒಂದು ದಿನದ ಮಟ್ಟಿಗೆ ಕೊಡ್ತೀಯಾ ಮಗಳೇ?"